ಗೋಡೆಯ ತೂತಿನಲ್ಲಿ ಸಿಕ್ಕ ವೈರು

ಮರಳೂರಿನ ನಮ್ಮ ಮನೆಯ ಬಾವಿಯಿಂದ ಹಳೆಯ ಕಬ್ಬಿಣದ ಪೈಪನ್ನು ಮೇಲೆಳೆದಾಗ ತುಕ್ಕು, ಪಾಚಿ ಬೆರೆತ ವಾಸನೆ ಹಿತ್ತಲಿಗೆಲ್ಲ ಹರಡಿತು. ಅದರ ಹಿಂದೆಯೇ ನೆನಪಿನಿಂದ ಒಂದು ದನಿಯೂ ಬಂತು. "ಲೋ, ಟ್ಯಾಂಕ್ ತುಂಬ್ತಾ ನೋಡ್ಲಾ!" ಪಕ್ಕದ ಮನೆ ಅತ್ತೆಯ ದನಿ, ಕಾಂಪೌಂಡ್ ಗೋಡೆಯ ಆಚೆಯಿಂದ... ಹಾಗೆಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ.

ಅತ್ತೆ ಎಂದರೆ ನೆಂಟರಲ್ಲ, ಹಾಗೆ ಕರೆಯುತ್ತಿದ್ದೆವು ಅಷ್ಟೆ. ಗುಬ್ಬಿ ಕಡೆಯವರು. ಬೆಳಗ್ಗೆ ಕೊಡ ಹಿಡಿದು ನಮ್ಮ ಬಾವಿಗೆ ಬರುತ್ತಿದ್ದರು. ಅವರು ಕೂಗಿದಾಗ ನಾನು ತಾರಸಿ ಹತ್ತಿ, ಟ್ಯಾಂಕಿನೊಳಗೆ ಇಣುಕಿ, "ತುಂಬ್ತು!" ಎನ್ನುತ್ತಿದ್ದೆ. ನಮ್ಮ ಬಾವಿ, ನಮ್ಮ ಟ್ಯಾಂಕು, ಇವರದೇನು ಯಜಮಾನಿಕೆ ಎಂದು ಸಿಟ್ಟು ಬರುತ್ತಿತ್ತು. ಅವರು ಮನೆ ಖಾಲಿ ಮಾಡಿ ಗುಬ್ಬಿಗೆ ಹೋದ ಮೇಲೂ ಅಮ್ಮ ಕೊನೆಯವರೆಗೆ ಹೇಳುತ್ತಿದ್ದದ್ದು ಒಂದೇ ಮಾತು: "ಆ ಮನೆಗೆ ನೀರು ಕೊಟ್ಟು ಕಾಪಾಡಿದ್ದು ನಾವು."

ಹೊಸ ಮೋಟರಿಗೆ ವೈರು ಎಳೆಯಲು ಎಲೆಕ್ಟ್ರಿಷಿಯನ್ ಹಳೆಯದನ್ನು ಅಗೆದು ತೆಗೆದ. ಮೋಟರಿನ ಬುಡದಲ್ಲಿ ಎರಡು ವೈರುಗಳು ಕೂಡಿದ್ದವು. ಒಂದು ನಮ್ಮ ಅಡುಗೆಮನೆಯ ಸ್ವಿಚ್ಚಿಗೆ ಹೋಗಿತ್ತು. ಇನ್ನೊಂದು ಇರುವುದೇ ನನಗೆ ಗೊತ್ತಿರಲಿಲ್ಲ. ಅದು ಮಣ್ಣಿನೊಳಗೆ ಸಾಗಿ, ಗೋಡೆಯ ತೂತು ದಾಟಿ, ಆಚೆ ತುಂಡಾಗಿತ್ತು.

ಅಂದರೆ ಒಂದು ಕಾಲಕ್ಕೆ ನಮ್ಮ ಟ್ಯಾಂಕು ತುಂಬಿಸಿದ್ದು ಅತ್ತೆಯ ಮನೆಯ ಕರೆಂಟೇ? ಸ್ವಿಚ್ಚೂ ಅಲ್ಲೇ ಇತ್ತೇ? ಅಲ್ಲಿಂದ ಟ್ಯಾಂಕು ಕಾಣುವುದಿಲ್ಲ, ಅದಕ್ಕೇ ಕೂಗಿ ಕೇಳುತ್ತಿದ್ದರೇನೋ...

ಕುಣಿಗಲ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ತಲೆ ಕೆಟ್ಟಿದ್ಯೇನೋ ನಿಂಗೆ? ಕೂಗ್ತಿದ್ದಿದ್ದು ಅಮ್ಮ ಕಣೋ, ಅಡುಗೆಮನೆಯಿಂದ. ಅವ್ರ ಮನೇಲಿ ಒಂದು ಲೈಟಾದ್ರೂ ಉರೀಲಿ ಅಂತ ನಾವೇ ಕರೆಂಟ್ ಕೊಟ್ಟಿದ್ವಿ."

"ಗ್ಯಾರಂಟೀನಾ?"

"ಎಮ್ಮೆಸ್ಸಿ ಓದಿರೋನು ನೀನು, ನೀನೇ ಹೇಳು ಬುಡು."

ಎಲೆಕ್ಟ್ರಿಷಿಯನ್‌ನನ್ನೇ ಕೇಳಿದೆ. "ಕರೆಂಟು ಇಲ್ಲಿಂದ ಹೋಗ್ತಿತ್ತೋ, ಅಲ್ಲಿಂದ ಬರ್ತಿತ್ತೋ, ಸತ್ತಿರೋ ವೈರ್ ನೋಡಿ ಹೆಂಗ್ ಹೇಳ್ಲಿ ಸಾರ್? ತೂತಿಗೆ ಸಿಮೆಂಟ್ ಮೆತ್ಬುಡ್ಲಾ?"

ಸ್ವಲ್ಪ ತಡಿ ಎಂದೆ. ಅಮ್ಮನ ಆ ಮಾತು ನಿಜವೋ ಸುಳ್ಳೋ ತಿಳಿಯದೆ ಮುಚ್ಚಿಸಲು ಮನಸ್ಸಾಗಲಿಲ್ಲ. ಬಗ್ಗಿ ತೂತಿಗೆ ಕಣ್ಣಿಟ್ಟೆ. ಆಚೆ ಈಗ ಮನೆಯೇ ಇಲ್ಲ. ಖಾಲಿ ಸೈಟು, ಎಕ್ಕದ ಗಿಡ. ಅತ್ತೆ ಹೋದ ವರ್ಷ ತೀರಿಕೊಂಡರು. ಗುಬ್ಬಿಯೇನು ದೂರವಲ್ಲ, ಹೋಗಿ ಮಾತಾಡಿಸಬೇಕೆಂದು ಯಾವತ್ತೂ ಹೊಳೆದಿರಲಿಲ್ಲ. ಅಮ್ಮ ಅವರಿಗಿಂತ ಮೊದಲೇ... ಕೊಟ್ಟವರು ಯಾರು, ಪಡೆದವರು ಯಾರು ಎಂದು ಹೇಳಬಲ್ಲವರು ಇಬ್ಬರೂ ಇಲ್ಲ.

ಮೆತ್ತು ಎಂದೆ.

ಸಂಜೆ ಹೊಸ ಮೋಟರು ಹಾಕಿದೆವು. ಟ್ಯಾಂಕು ತುಂಬಿದರೆ ತಾನಾಗಿಯೇ ನಿಲ್ಲುತ್ತದಂತೆ. ಇನ್ನು ಯಾರೂ ಕೂಗಬೇಕಿಲ್ಲ, ಯಾರೂ ತಾರಸಿ ಹತ್ತಬೇಕಿಲ್ಲ. ಆದರೂ ಹತ್ತಿದೆ. ನೀರು ಅಂಚಿಗೆ ಬಂತು, ಮೋಟರು ನಿಂತಿತು. "ತುಂಬ್ತು" ಎನ್ನಲು ಬಾಯಿ ತೆರೆದೆ. ಅಡುಗೆಮನೆಯ ಕಡೆ ತಿರುಗಬೇಕೋ, ಗೋಡೆಯ ಕಡೆ ತಿರುಗಬೇಕೋ... ಗೊತ್ತಾಗಲಿಲ್ಲ.