ಹವಳದ ಗೆಲ್ಲಿಗೆ ಹೊರಟ ಸಮಿತಿ

ನಮ್ಮ ಕಡೆ ನಾಲ್ಕು ಜನ ಒಟ್ಟಿಗೆ ಕೂತು ಚಾ ಕುಡಿಯಬೇಕಾದರೂ ಒಂದು ಸಮಿತಿ ಬೇಕು. ಹಾಗಿರುವಾಗ ಏಳು ಜನ ಲಕ್ಷದ್ವೀಪಕ್ಕೆ ಹೋಗಿ, ಮುಖಕ್ಕೆ ಗಾಜು ಕಟ್ಟಿ, ಬಾಯಿಗೆ ಕೊಳವೆ ಸಿಕ್ಕಿಸಿ, ನೀರಿನ ಮೇಲೆ ಕವುಚಿ ಮಲಗಿ ಹವಳದ ದಿಬ್ಬ ನೋಡಿ ಬರುವುದೆಂದರೆ ಸಮಿತಿ ಇಲ್ಲದೆ ಆಗುತ್ತದೆಯೇ? ಹೋಗುವ ದಿನ ನಿಶ್ಚಯವಾಗುವ ಮೊದಲೇ ಅಧ್ಯಕ್ಷರು ನಿಶ್ಚಯವಾದರು. ಅವರು ಮಂಡೆಕೋಲಿನ ದೊಡ್ಡ ಕೃಷಿಕರು, ಕಸಿ ಕಟ್ಟುವುದರಲ್ಲಿ ಹೆಸರು ಹೋದವರು. ಉಪಾಧ್ಯಕ್ಷರು ಪುತ್ತೂರಿನ ನಿವೃತ್ತ ಮಾಸ್ಟ್ರು. ಉಳಿದವರಿಗೂ ಒಂದೊಂದು ಹುದ್ದೆ ಸಿಕ್ಕಿತು. ಹುದ್ದೆ ಇಲ್ಲದೆ ಬರೀ ಸದಸ್ಯನಾಗಿ ಉಳಿದವನು ನಾನೊಬ್ಬ. ಸಮಿತಿ ಎಂದ ಮೇಲೆ ಒಬ್ಬನಾದರೂ ಸದಸ್ಯ ಬೇಡವೇ ಎಂದು ಮಾಸ್ಟ್ರು ನನಗೆ ಸಮಾಧಾನ ಹೇಳಿದರು.

ನನ್ನದು ಈಶ್ವರಮಂಗಲದಲ್ಲಿ ಪಂಪು ರಿಪೇರಿಯ ಅಂಗಡಿ. ಶಾಲೆ ಏಳನೆಯ ಕ್ಲಾಸಿಗೆ ಮುಗಿಯಿತು. ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ. ನಾನು ಇಳಿಸಿದ ಪಂಪು ನೀರೆತ್ತುವುದಿಲ್ಲ ಎಂದು ಯಾರಾದರೂ ಫೋನು ಮಾಡಿದರೆ ಉಣ್ಣುವ ಕೈ ತೊಳೆದುಕೊಂಡು ಹೊರಡುವವನು ನಾನು. ಅಂಥವನಿಗೆ ಸಮಿತಿಯ ಖುರ್ಚಿಯ ಆಸೆ ಇರಲಿಲ್ಲ. ಆದರೆ ಖುರ್ಚಿ ಕೊಡದ ಇವರಿಗೆ ನಾನು ಬೇಕೇ ಬೇಕಿತ್ತು. ಅದಕ್ಕೊಂದು ಕಾರಣ ಇತ್ತು.

ಲಕ್ಷದ್ವೀಪಕ್ಕೆ ಟಿಕೇಟು ಮಾಡಿ ಸೀದಾ ಹೋಗಿ ಇಳಿಯಲು ಬರುವುದಿಲ್ಲ. ಪರ್ಮಿಟ್ ಬೇಕು. ನಾವು ಹೊರಟ ದಾರಿಯಲ್ಲಿ ಹೋಗುವುದಾದರೆ ದ್ವೀಪದವನೇ ಒಬ್ಬ, ಇವರು ನನ್ನ ಕಡೆಯ ಜನ, ಇವರಿಗೆ ನಾನು ಹೊಣೆ ಎಂದು ಸಹಿ ಹಾಕಬೇಕು. ಶಾಲೆ ಬಿಟ್ಟ ಹೊಸತರಲ್ಲಿ ನಾನು ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗೆ ಸಾಮಾನು ತುಂಬುವ ಕೆಲಸದಲ್ಲಿದ್ದೆ. ಮಂಜಿ ಎಂದರೆ ದ್ವೀಪಕ್ಕೆ ಅಕ್ಕಿ, ಬೆಲ್ಲ, ಜಲ್ಲಿಕಲ್ಲು ಹೊತ್ತುಕೊಂಡು ಹೋಗುವ ಮರದ ಹಡಗು. ಅದರಲ್ಲಿ ಕೆಲಸಕ್ಕಿದ್ದ ನನ್ನ ಪ್ರಾಯದ ದ್ವೀಪದವನೊಬ್ಬ ನನಗೆ ಗೆಳೆಯನಾದ. ಗಡಿ ಊರಿನವನಾದ ನನಗೆ ಮಲಯಾಳ ಬರುತ್ತಿತ್ತು, ಅವನಿಗೆ ನನ್ನ ಬುತ್ತಿಯ ಉಪ್ಪಿನಕಾಯಿ ಹಿಡಿಸಿತ್ತು. ಈಗ ಅವನಿಗೆ ಸ್ವಂತದ ಒಂದು ಸಣ್ಣ ದೋಣಿ ಇದೆ. ಬಂದವರನ್ನು ಹವಳದ ದಿಬ್ಬಕ್ಕೆ ಕರೆದುಕೊಂಡು ಹೋಗಿ ತೋರಿಸಲು ಲೈಸೆನ್ಸ್ ಇದೆ. ಮನೆ ನಡೆಯುವುದು ಅದರಲ್ಲೇ. ಇಷ್ಟು ವರ್ಷವೂ ಅವನಲ್ಲಿಂದ ಒಣಗಿಸಿದ ಮೀನು, ನನ್ನಲ್ಲಿಂದ ಹಲಸಿನ ಹಪ್ಪಳ ಹೋಗಿ ಬಂದು ಮಾಡುತ್ತಲೇ ಇವೆ.

ನಾನು ಕೇಳಿದ್ದಕ್ಕೆ ಅವನು ಎರಡು ಮಾತಿಲ್ಲದೆ ಒಪ್ಪಿದ. ಒಂದೇ ಷರತ್ತು ಹಾಕಿದ. ಅಲ್ಲಿ ಹವಳ ಮುಟ್ಟಬಾರದು, ಮೆಟ್ಟಬಾರದು, ಒಂದು ಚೂರು ಕೂಡ ತರಬಾರದು. ಅದು ಕಲ್ಲಲ್ಲ, ಜೀವ. ಈಚೆಗೆ ಬೇಸಗೆಯಲ್ಲಿ ನೀರು ಕಾದು ಕೆಲವು ಕಡೆ ಹೆಣದ ಹಾಗೆ ಬಿಳುಚಿಕೊಂಡಿದೆಯಂತೆ. ಅವನು ಕರೆದುಕೊಂಡು ಹೋದವರು ಮುರಿದು ಸಿಕ್ಕಿಬಿದ್ದರೆ ಅವನ ಲೈಸೆನ್ಸಿಗೇ ಕುತ್ತು ಬರುತ್ತದೆ. ನಾನು ಇದನ್ನೆಲ್ಲ ಸಮಿತಿಗೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಗೋಳಿಬಜೆ ಬಂದಿದ್ದ ಕಾರಣ ಯಾರಿಗೂ ಬಾಯಿ ಬಿಡುವು ಇರಲಿಲ್ಲ.

ಆಮೇಲೆ ಅಭ್ಯಾಸ ಶುರುವಾಯಿತು. ಅಧ್ಯಕ್ಷರ ತೋಟಕ್ಕೆ ನೀರು ಬಿಡುವ ಟ್ಯಾಂಕಿಯೇ ನಮ್ಮ ಸಮುದ್ರ. ಆನ್‌ಲೈನಿನಲ್ಲಿ ತರಿಸಿದ ಮಾಸ್ಕ್ ಮತ್ತು ಕೊಳವೆಗೆ ಮೊದಲು ಹೂ ಹಾಕಿ ಕೈ ಮುಗಿದದ್ದಾಯಿತು. ನಮ್ಮಲ್ಲಿ ಹೊಸ ಟಿಲ್ಲರಿಗೂ ಹಾಗೆಯೇ ಮಾಡುವುದು. ಅಧ್ಯಕ್ಷರು ಮಾಸ್ಕ್ ಹಾಕಿಕೊಂಡೇ ಎರಡು ಮಾತು ಆಡಿದರು. ಮೂಗು ಮುಚ್ಚಿದ್ದರಿಂದ ಏನೆಂದು ತಿಳಿಯಲಿಲ್ಲ, ಆದರೂ ಚಪ್ಪಾಳೆ ಬಿತ್ತು. ಮಾಸ್ಟ್ರು, ಉಸಿರಾಟ ಬಾಯಿಯಿಂದಲೇ ನಡೆಯಬೇಕು ಎಂದು ದಡದಲ್ಲಿ ನಿಂತು ಅರ್ಧ ಗಂಟೆ ಪಾಠ ಮಾಡಿ, ಇಳಿದವರೇ ಮೂಗಿನಿಂದ ಎಳೆದು, ಕೆಮ್ಮಿ, ಪಾಚಿಯಲ್ಲಿ ಜಾರಿ ಕೂತರು. ಏಳು ಜನರಲ್ಲಿ ಸರಿಯಾಗಿ ಈಜು ಬರುತ್ತಿದ್ದದ್ದು ಇಬ್ಬರಿಗೆ. ಇನ್ನು ನನ್ನ ಹೆಂಡತಿ. ಅವಳು ಕಾಣಿಯೂರಿನ ಕಡೆಯವಳು, ಹೊಳೆಬದಿಯಲ್ಲಿ ಹುಟ್ಟಿದವಳು, ಮುಳುಗಿ ಮರುವಾಯಿ ಚಿಪ್ಪು ಹೆಕ್ಕಿ ಬೆಳೆದವಳು. ಅವಳೂ ಬರಲಿ ಎಂದು ನಾನು ಹೇಳಿದ್ದಕ್ಕೆ ಅಧ್ಯಕ್ಷರು, ಹೆಂಗಸರಿಗೆ ನೀರು ಕಷ್ಟ ಎಂದರು. ಹೀಗೆ ಹೇಳುವಾಗ ಅವರು ಟ್ಯಾಂಕಿಯ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಇಷ್ಟೆಲ್ಲ ನಗೆಯ ವಿಷಯ. ನಗೆ ನಿಂತದ್ದು ಸಾಮಾನು ಕಟ್ಟುವ ಮೀಟಿಂಗಿನಲ್ಲಿ.

ಅದಕ್ಕೆ ಮೊದಲು ನಮ್ಮವರ ಒಂದು ಕ್ರಮ ಹೇಳಬೇಕು. ನಮ್ಮ ಕಡೆ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹಿಂದೆ ಬರುವುದಿಲ್ಲ. ಮದುವೆಗೆ ಹೋಗಲಿ, ಸತ್ತವರ ಬೊಜ್ಜಕ್ಕೆ ಹೋಗಲಿ, ಊಟ ಮಾಡಿ ಕೈ ತೊಳೆದವರು ಅಂಗಳದ ಬದಿಗೆ ಒಂದು ಸುತ್ತು ಬರುತ್ತಾರೆ. ದಾಸವಾಳದ ಗೆಲ್ಲೋ, ಕರಿಮೆಣಸಿನ ಬಳ್ಳಿಯೋ, ಏನಾದರೂ ಒಂದು ತುಂಡು ಕೈಚೀಲ ಸೇರುತ್ತದೆ. ಕೇಳಿದರೆ ಮನೆಯವರು ಸಂತೋಷದಿಂದ ಕೊಡುತ್ತಾರೆ, ಆದರೆ ಕೇಳುವುದಿಲ್ಲ. ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದೇ ಹಿಡಿಯುವುದು ಎಂದು ಶಾಸ್ತ್ರವೇ ಮಾಡಿಟ್ಟಿದ್ದೇವೆ. ಕಳವಿಗೆ ಇಷ್ಟು ಮರ್ಯಾದೆ ಬೇರೆ ಯಾವ ಊರಲ್ಲಿ ಇದೆಯೋ ನಾನು ಕಾಣೆ.

ಮೀಟಿಂಗಿನಲ್ಲಿ ಅಧ್ಯಕ್ಷರು ತಮ್ಮ ಚೀಲ ಬಿಡಿಸಿದರು. ಪಂಚೆ, ಟವೆಲು, ಮಾಸ್ಕ್. ಅದರ ಅಡಿಯಿಂದ ಹದ ಮಾಡಿದ ನಾಲ್ಕು ಅಡಿಕೆಹಾಳೆ, ಒಂದು ಕಟ್ಟು ತೆಂಗಿನ ನಾರು, ಕೊನೆಗೆ ಅವರ ಕಸಿ ಕಟ್ಟುವ ಚಾಕು ಹೊರಗೆ ಬಂತು. ಮೆಣಸಿನ ಬಳ್ಳಿಯನ್ನು ದೂರ ಸಾಗಿಸುವಾಗ ಒದ್ದೆ ನಾರಿನಲ್ಲಿ ಸುತ್ತಿ ಹಾಳೆಯಲ್ಲಿ ಕಟ್ಟುವುದು ನಮಗೆಲ್ಲ ಗೊತ್ತಿರುವ ಕೆಲಸ. ಇಲ್ಲಿ ಅದು ಯಾತಕ್ಕೆ ಎಂದು ನಾನು ಕೇಳಿದೆ.

“ಹವಳದ ಗೆಲ್ಲಿಗೆ ಮಾರಾಯ,” ಎಂದರು. “ಮತ್ತೆಂತಕ್ಕೆ?”

ಅವರು ಸುಮ್ಮನೆ ಹೊರಟವರಲ್ಲ, ಓದಿಕೊಂಡಿದ್ದರು. ಸಮುದ್ರದಲ್ಲಿ ಮುಳುಗುವವರು ಹವಳದ ತುಂಡುಗಳನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಹೊಸತಾಗಿ ಬೆಳೆಸುವ ವಿಡಿಯೋ ಫೋನಿನಲ್ಲಿ ನೋಡಿದ್ದರು. ನಮಗೆಲ್ಲ ತೋರಿಸಿದರು. ಮುರಿದು ಕಟ್ಟಿದರೆ ಹಿಡಿಯುತ್ತದೆ ಎಂದಾದರೆ ಅದು ಗೆಲ್ಲು ಅಲ್ಲದೆ ಮತ್ತೇನು ಎಂಬುದು ಅವರ ವಾದ. ಸಣ್ಣ ಟ್ಯಾಂಕಿಗೆ ಎರಡು ಚೀಲ ಉಪ್ಪು ಸುರಿದರೆ ಸಮುದ್ರವೇ ಆಯಿತು. ಮಂಡೆಕೋಲಿನಲ್ಲಿ ಹವಳ ಹಿಡಿಸಿದ ಮೊದಲ ಕೃಷಿಕ ಎಂದು ಪೇಪರಿನಲ್ಲಿ ಬರುವುದೂ ಅವರ ಕಣ್ಣ ಮುಂದೆ ಬಂದಿತ್ತು. ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು, ಹವಳದಲ್ಲಿ ಇರುವುದು ಸುಣ್ಣದ ಅಂಶ, ನಮ್ಮ ಮಣ್ಣಿಗೂ ಸುಣ್ಣ ಬೇಕು, ಹಾಗಾಗಿ ಹೊಂದಿಕೊಳ್ಳಬಹುದು ಎಂದು ಸಹಿ ಹಾಕಿದವರಂತೆ ಹೇಳಿದರು. ಉಳಿದವರು ತಮಗೂ ಒಂದೊಂದು ತುಂಡು ಎಂದು ಹೆಸರು ಹೇಳತೊಡಗಿದರು. ಒಬ್ಬನಿಗೆ ಶೋಕೇಸಿಗೆ, ಇನ್ನೊಬ್ಬನಿಗೆ ಹೊಸ ಮನೆಯ ಮೆಟ್ಟಿಲಿನ ಬದಿಗೆ.

ಅಲ್ಲಿ ಮುಟ್ಟಲಿಕ್ಕೇ ಇಲ್ಲ ಎಂದು ಮೊದಲೇ ಹೇಳಿದ್ದೇನಲ್ಲ ಎಂದು ನೆನಪಿಸಿದೆ.

“ನೀರಿನಡಿ ಎಂತ ಪೊಲೀಸ್ ಉಂಟಾ?” ಎಂದರು ಅಧ್ಯಕ್ಷರು. “ಒಂದು ಗೆಲ್ಲು ಮುರಿದ್ರೆ ಸಮುದ್ರ ಬತ್ತುದಿಲ್ಲ ಮಾರಾಯ.”

ಇದನ್ನು ಹೇಳಿದವರು ತಮ್ಮ ರಂಬುಟಾನ್ ಮರಕ್ಕೆ ಕ್ಯಾಮೆರಾ ಇಟ್ಟವರು. ಹಣ್ಣಿನ ಕಾಲದಲ್ಲಿ ಅದರಡಿ ನೆಂಟರು ನಿಂತರೂ ಒಳಗಿನಿಂದ ಕೆಮ್ಮುವವರು. ನಾನು ಅದನ್ನೇ ಹೇಳಿದೆ. ಬಂದವರೆಲ್ಲ ಒಂದೊಂದು ಗೆಲ್ಲು ಮುರಿದರೆ ನಿಮ್ಮ ಮರ ಉಳಿದೀತೇ ಎಂದೆ. ಅದು ನನ್ನ ಸ್ವಂತ ಮರ, ಸಮುದ್ರ ಸರಕಾರದ್ದಲ್ಲವೇ ಎಂದು ಉತ್ತರ ಬಂತು. ಅದು ನನ್ನ ಗೆಳೆಯನ ಅನ್ನ ಎಂದೆ. ನೀವು ಚೂರು ಕದ್ದು ಮನೆಗೆ ಬಂದು ಉಣ್ಣುತ್ತೀರಿ, ದೋಣಿ ದಡಕ್ಕೆ ಎಳೆದು ಕೂರುವವನು ಅವನು ಎಂದೆ. ನನ್ನ ಸ್ವರ ಸ್ವಲ್ಪ ಏರಿತು. ಸದಸ್ಯನ ಸ್ವರ ಅಷ್ಟು ಏರಬಾರದು ಎಂಬುದು ಎಲ್ಲರ ಮುಖದಲ್ಲಿ ಕಂಡಿತು.

ಆಗ ಮಾಸ್ಟ್ರು ಸಮಿತಿಗಳ ಪರಂಪರೆಗೆ ತಕ್ಕ ಪರಿಹಾರ ಹುಡುಕಿದರು. ನಿರ್ಣಯ. ಯಾರೂ ಹವಳ ಮುರಿಯತಕ್ಕದ್ದಲ್ಲ ಎಂದು ಮಾಸ್ಟ್ರು ಮಂಡಿಸಿದರು, ಅಧ್ಯಕ್ಷರೇ ಅನುಮೋದಿಸಿದರು, ಸರ್ವಾನುಮತದಿಂದ ಪಾಸಾಯಿತು. ಚಪ್ಪಾಳೆಯೂ ಆಯಿತು. ನಾನೂ ತಟ್ಟಿದೆ. ತಟ್ಟುತ್ತಿದ್ದ ಹಾಗೆ ನೋಡಿದರೆ ಅಧ್ಯಕ್ಷರು ಚಾಕುವನ್ನು ಟವೆಲಿನಲ್ಲಿ ಸುತ್ತಿ, ಹಾಳೆಯೊಳಗೆ ಇಟ್ಟು, ಮಗುವನ್ನು ಮಲಗಿಸುವಷ್ಟು ಜೋಪಾನದಿಂದ ಚೀಲದ ಅಡಿಗೇ ಇಡುತ್ತಿದ್ದರು.

ಮರುದಿನ ಬೆಳಿಗ್ಗೆ ದ್ವೀಪದಿಂದ ಗೆಳೆಯನ ಫೋನು ಬಂತು. ನಾನು ಕಾಫಿ ಕುಡಿಯುತ್ತ ಜಗಲಿಯಲ್ಲಿದ್ದೆ. ಇವತ್ತು ಸಹಿ ಹಾಕಿ ಕೊಡುವ ದಿನ, ಏಳೂ ಜನರ ವಿವರ ಕೈಯಲ್ಲಿದೆ ಎಂದ. ಮನೆಯವರ ಸುಖ ಕೇಳಿದ. ಆಮೇಲೆ ಮಲಯಾಳದಲ್ಲಿ ಕೇಳಿದ:

“ನನಗೆ ಗೊತ್ತಿರುವುದು ನೀನೊಬ್ಬ. ಉಳಿದವರಿಗೆ ನೀನು ಹೊಣೆ ಅಂದರೆ ಹಾಕ್ತೇನೆ. ಹೇಳು.”

ಹೂಂ ಎಂದರೆ ಮುಗಿಯುತ್ತಿತ್ತು. ಊರಿನಲ್ಲಿ ನನಗೆ ಒಳ್ಳೆಯ ಹೆಸರು, ಒಂದು ಪ್ರವಾಸ, ಬಂದ ಮೇಲೆ ಬಹುಶಃ ಒಂದು ಶಾಲು. ಅಧ್ಯಕ್ಷರ ತೋಟದ ಐದು ಪಂಪುಗಳೂ ನನ್ನ ಅಂಗಡಿಗೇ ಬರುವಂಥವು. ನಾನು ಕೈಯಾರೆ ಬಿಚ್ಚಿ ನೋಡದ ಮೋಟರಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಗ್ಯಾರಂಟಿ ಹೇಳಿದವನಲ್ಲ. ಇವರನ್ನೋ ಬಿಚ್ಚಿ ನೋಡಿಯಾಗಿತ್ತು.

ಅವರಿಗೆ ನಾನು ಹೊಣೆಯಲ್ಲ, ಹಾಕಬೇಡ ಎಂದೆ. ನನ್ನೊಬ್ಬನಿಗೆ ಬೇಕಾದರೆ ಹಾಕು ಎಂದೆ.

ಆಗಲಿ ಎಂದ. ಒಳಗಿನಿಂದ ಹೆಂಡತಿ ಬಂದು ಕೈ ನೀಡಿದಳು.

“ಫೋನ್ ಕೊಡಿ ಇಲ್ಲಿ. ನನಗೆ ನಾನೇ ಹೊಣೆ ಅಂತ ನಾನೇ ಹೇಳ್ತೇನೆ.”

ಅವಳ ಮಲಯಾಳ ಅಷ್ಟಕ್ಕಷ್ಟೆ. ಆದರೂ ಹೊಳೆ, ಮರುವಾಯಿ, ಮುಳುಗುವುದು ಎಲ್ಲವನ್ನೂ ವಿವರಿಸಿದಳು. ಹೊಳೆಯಲ್ಲಿ ಕಣ್ಣು ಬಿಟ್ಟರೆ ಬರೀ ಕೆಸರು ಕಾಣುತ್ತಿತ್ತು, ತಳ ಕಾಣುವ ನೀರು ಒಮ್ಮೆ ನೋಡಬೇಕು ಎಂದಳು. ಆ ಕಡೆಯವನು ನಕ್ಕದ್ದು ನನಗೂ ಕೇಳಿಸಿತು. ಏಳು ಜನರ ಜಾಗದಲ್ಲಿ ಇಬ್ಬರಿಗೆ ಸಹಿ ಆಯಿತು.

ಸಮಿತಿಗೆ ನಾನೇ ಹೋಗಿ ಹೇಳಿದೆ. ಬೇರೆಯವರ ಬಾಯಿಯಿಂದ ತಿಳಿಯಬಾರದು ಎಂದು. ಬೆನ್ನಿಗೆ ಚೂರಿ ಎಂದರು, ಹೆಂಡತಿಗೋಸ್ಕರ ಮಾಡಿದ್ದು ಎಂದರು. ಏಳನೆಯ ಕ್ಲಾಸಿನವನಿಗೆ ಜವಾಬ್ದಾರಿ ಕೊಟ್ಟದ್ದೇ ತಪ್ಪು ಎಂದು ಮಾಸ್ಟ್ರು ವಿಷಾದದಿಂದ ಹೇಳಿದರು. ಇದ್ದ ಒಬ್ಬ ಸದಸ್ಯನನ್ನೂ ಕೈಬಿಟ್ಟರು. ಈಗ ಆ ಸಮಿತಿಯಲ್ಲಿ ಪದಾಧಿಕಾರಿಗಳು ಮಾತ್ರ ಇದ್ದಾರೆ.

ಒಂದು ವಾರ ಕಳೆದು ಅಧ್ಯಕ್ಷರು ಅಂಗಡಿಗೆ ಬಂದರು. ಜೀಪಿನಲ್ಲಿ ಸುಟ್ಟುಹೋದ ಒಂದು ಮೋಟರ್ ಇತ್ತು. ಇಳಿಸಲಿಲ್ಲ. ಮಳೆಯ ವಿಷಯ ಮಾತಾಡಿದರು, ನನ್ನ ಹೆಂಡತಿಯ ಸೊಂಟನೋವು ಕೇಳಿದರು. ಅವಳಿಗೆ ಸೊಂಟನೋವೇ ಇಲ್ಲ. ಆಮೇಲೆ ಆಚೆ ಈಚೆ ನೋಡಿ, ಹತ್ತಿರ ಸರಿದು, ಸ್ವರ ಇಳಿಸಿದರು.

“ನೀನು ಹೇಗೂ ಹೋಗ್ತಿಯಲ್ಲ ಮಾರಾಯ. ದೊಡ್ಡದು ಬೇಡ. ಹೆಬ್ಬೆರಳಿನಷ್ಟು ಒಂದು ತುಂಡು. ನೀನು ತಂದ್ರೆ ಯಾರೂ ಡೌಟ್ ಮಾಡುದಿಲ್ಲ.”

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ಸಮಿತಿಯೂ ಕೊಟ್ಟಿಲ್ಲ. ಆಗುದಿಲ್ಲ ಎಂದೆ. ಅವರು ಜೀಪು ತಿರುಗಿಸಿ, ಮೋಟರನ್ನು ಸುಳ್ಯಕ್ಕೆ ತೆಗೆದುಕೊಂಡು ಹೋದರು. ಇನ್ನು ಮೇಲೆ ಐದೂ ಪಂಪು ಅಲ್ಲಿಯೇ ರಿಪೇರಿಯಂತೆ.

ಮಾಡಿಸಲಿ.