ಕಂಪ್ಯೂಟರಿಗೆ ಹೊದಿಸಿದ ಕೌದಿ

ಕಂಪ್ಯೂಟರು ಆರಿಹೋಗಿದ್ದು ನನ್ನ ಮಗಳಿಂದಲ್ಲ, ನನ್ನಿಂದ. ಅದು ಸುಟ್ಟೂ ಇರಲಿಲ್ಲ. ಕಾವು ತಾಳದೆ ತಾನೇ ಬಂದ್ ಆಗಿತ್ತು. ನಡೆದದ್ದು ಇಷ್ಟೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಗಂಡನ ಮನೆ ಬಿಟ್ಟುಬಂದ ಮಗಳಿಗೆ ಸಿಂಧನೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಟೈಪ್ ಮಾಡುವ ಕೆಲಸ ಸಿಕ್ಕಿತ್ತು. ಅವಳಿಗೆ ಇದ್ದದ್ದು ಅದೊಂದೇ ಆಸರೆ. ಅದೇ ಅಂಗಡಿಯ ಕಸ ನಾನು ಹೊಡೆಯುತ್ತಿದ್ದೆ. ಇಬ್ಬರೂ ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಎದುರಿಗೇ ಅಕ್ಕಿ ಗಿರಣಿ. ಗಾಳಿ ಎದ್ದರೆ ಹೊಟ್ಟಿನ ಧೂಳೆಲ್ಲ ಒಳಗೆ. ಅದಕ್ಕೆಂದೇ ಹಳೇ ಸೀರೆಗಳ ಕೌದಿ ಹೊಲಿದು ಒಯ್ದಿದ್ದೆ. ಯಂತ್ರ ಬಂದ್ ಮಾಡಿದ ಮೇಲೆ ಅದನ್ನು ಹೊದಿಸುವುದು ನನ್ನ ಕೆಲಸ.

ಒಂದು ಮಧ್ಯಾಹ್ನ ಮಗಳು ಊಟಕ್ಕೆ ಎದ್ದು ಹೋಗಿದ್ದಳು. ಪರದೆ ಕಪ್ಪಾಗಿತ್ತು. ಬಂದ್ ಮಾಡಿ ಹೋಗಿದ್ದಾಳೆಂದು ಕೌದಿ ಹೊದಿಸಿ, ನಾಲ್ಕೂ ಕಡೆ ಒತ್ತಿ ಸಿಕ್ಕಿಸಿದೆ. ಗಿರಣಿಯ ಸದ್ದಿನಲ್ಲಿ ಒಳಗಿನ ಫ್ಯಾನಿನ ಸದ್ದು ಕಿವಿಗೆ ಬೀಳಲಿಲ್ಲ, ಕಂಪ್ಯೂಟರಿನ ಡಬ್ಬಿಯ ಪುಟ್ಟ ದೀಪ ಕಣ್ಣಿಗೂ ಬೀಳಲಿಲ್ಲ. ಕಸ ಹೊಡೆದು ಮುಗಿಸುವಾಗ ಕಾದ ವಾಸನೆ ಬಂತು. ಕೌದಿ ಕಿತ್ತೆ. ಡಬ್ಬಿ ಕೈ ಸುಟ್ಟಿತು. ಅದರ ಹಸಿರು ದೀಪ ನನ್ನ ಕಣ್ಣೆದುರೇ ಆರಿತು. ಕೌದಿಯನ್ನು ಮೇಜಿನ ಕೆಳಗೆ ತುರುಕಿದೆ.

ಮಗಳು ಬಂದಳು, ಹಿಂದೆಯೇ ಮಾಲೀಕ. ಬೆಳಗಿನಿಂದ ಟೈಪ್ ಮಾಡಿದ, ಇನ್ನೂ ಉಳಿಸಿಡದ ಪಟ್ಟಿ ಹೋಗಿತ್ತು. ಎಷ್ಟು ಒತ್ತಿದರೂ ಯಂತ್ರ ಏಳಲಿಲ್ಲ. ಅವನು ಕೂಗಾಡಲಿಲ್ಲ. "ಚಾಲೂ ಬಿಟ್ಟು ಉಣ್ಣಾಕ ಹೋದಿ. ನಾಳಿಂದ ಬರಬ್ಯಾಡವ್ವ," ಅಂದ.

ನಾನು ಬಗ್ಗಿ, ಹೊಡೆದ ಕಸವನ್ನೇ ಮತ್ತೆ ಹೊಡೆದೆ. ನಿಜ ಹೇಳಿದರೆ ಪೊಲೀಸರನ್ನು ಕರೆಸುತ್ತಾನೆಂದು ಹೆದರಿದ್ದೆ.

ಬಸ್ಸಿನಲ್ಲಿ ಮಗಳು ಅಳಲಿಲ್ಲ. ಕಿಟಕಿಯಾಚೆ ನೋಡುತ್ತ ಹೇಳಿದಳು: "ಯಾರೂ ಮುಟ್ಟಲಿಲ್ಲಂದ್ರ ಕರೆಂಟ್ ಉಳಸಾಕ ಪರದೆ ಅಷ್ಟ ಮಲಗತೈತಿ, ಯವ್ವಾ. ಒಳಗ ಕೆಲಸ ನಡದಿರತೈತಿ. ಕಾವು ಹೆಚ್ಚಾತಂದ್ರ ಮೊದಲ ನಿಧಾನ ಆಗತೈತಿ, ಆಮ್ಯಾಲ ತಾನ ಬಂದ್ ಆಗತೈತಿ. ದಿನಾ ಹಂಗ ಬಿಟ್ಟ ಹೋಗ್ತೀನಿ. ಇವತ್ತ ಯಾಕ ಅಷ್ಟು ಕಾದ್ತು?"

ನಾನು ಟಿಕೆಟು ಹಿಸುಕುತ್ತ ಕುಳಿತೆ. ಹೇಳಿದರೆ ಅವಳು ನನ್ನ ಮುಖ ನೋಡಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಒಬ್ಬಳೇ ಹೋದೆ. ಮಾಲೀಕ ಬರುವವರೆಗೆ ಮೆಟ್ಟಿಲ ಮೇಲೆ ಕುಳಿತೆ. ಅವನು ಬಂದು ಬಾಗಿಲು ತೆರೆದು ಗುಂಡಿ ಒತ್ತಿದ. ತಣ್ಣಗಾಗಿದ್ದ ಯಂತ್ರ ಗುಂಯ್ ಎಂದು ಎದ್ದಿತು. ನಾನು ಮೇಜಿನ ಕೆಳಗಿಂದ ಕೌದಿ ಎಳೆದು ಅವನ ಮುಂದೆ ಹಾಕಿದೆ.

"ನಿನ್ನೆ ಚಾಲೂ ಇದ್ದಾಗ ಇದನ್ನ ಹೊದಿಸಿದಾಕಿ ನಾ ರೀ, ಸಾಹುಕಾರ್ರ. ಕೆಲಸ ಬಿಡಸೂದಿದ್ರ ನನ್ನ ಬಿಡಸ್ರಿ," ಅಂದು ಕಸಬರಿಗೆಯನ್ನು ಗೋಡೆಗೆ ಆನಿಸಿ ಇಟ್ಟೆ.