ತಲಪರಿಗೆಯ ಮರಳು

ಮಿಡಿಗೇಶಿಯಿಂದಾಚೆ, ನಮ್ಮೂರ ತೋಪಿನ ತಗ್ಗಿನಲ್ಲಿ ಒಂದು ತಲಪರಿಗೆ ಇತ್ತು. ಮರಳಿನಡಿಯಿಂದ ತಾನಾಗಿ ಜಿನುಗುವ ಒರತೆಯನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಕೆರೆ ಬತ್ತಿದರೂ ಕುರಿಗಳಿಗೂ ನಮಗೂ ಅದರ ನೀರು ತಪ್ಪುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಮನೆಗೊಬ್ಬರಂತೆ ಬಂದು, ಚಪ್ಪಲಿ ಬಿಟ್ಟು ಇಳಿದು, ನಾಲ್ಕು ದಿನ ಹೂಳು ತೆಗೆದರೆ ಸಾಕಿತ್ತು. ಒರತೆಯನ್ನು ಹಿಡಿದಿಡುವುದೇ ಮರಳು; ಅದು ಕಂಡ ಕೂಡಲೇ ಗುದ್ದಲಿ ನಿಲ್ಲಬೇಕು. ಎಲ್ಲಿ ನಿಲ್ಲಬೇಕೆಂದು ಹೇಳುವವನು ನೀರುಗಂಟಿ ತಾತ; ಊರ ನೀರಿನ ಉಸ್ತುವಾರಿ ಅವನ ಮನೆತನದ್ದು.

ಎರಡು ವರ್ಷದ ಹಿಂದೆ, ಜೆಸಿಬಿ ಇಟ್ಟುಕೊಂಡು ಗುತ್ತಿಗೆ ಮಾಡುವ ನನ್ನ ಅಣ್ಣ ಹೇಳಿದ: "ಯಾಕ್ ಸುಮ್ನೆ ಸೊಂಟ ಮುರ್ಕಂತೀರಾ? ನನ್ ಮಿಷಿನ್ನು ಅರ್ಧ ದಿನ್ದಾಗೆ ಎತ್ತಾಕ್ಬುಡ್ತದೆ. ಕಾಸು ಬ್ಯಾಡ."

ತಾತ ಒಪ್ಪಲಿಲ್ಲ. "ಅದುಕ್ಕೆ ಕಣ್ಣಿಲ್ಲ ಕಣಪ್ಪ. ಮರ್ಳು ಕಂಡ್ರೂ ನಿಲ್ಲಾಕಿಲ್ಲ."

ಒಪ್ಪಿಸಿದವಳು ನಾನು. ಸ್ಕೂಲಿನ ಟೀಚರಮ್ಮನ ಮಾತೆಂದರೆ ಊರಲ್ಲಿ ಸ್ವಲ್ಪ ಬೆಲೆ. ಆ ಬೆಲೆಯ ಬಗ್ಗೆ ನನಗೂ ಸ್ವಲ್ಪ ಜಂಬ. "ನಮ್ಮಣ್ಣ ಪಕ್ಕದಾಗೇ ನಿಂತಿರ್ತಾನೆ, ನೀನೂ ಬರಾದ್ ಬ್ಯಾಡ, ಬುಡು ತಾತ" ಎಂದೆ. ಮನೆಮನೆಗೆ ಹೋಗಿ, ಈ ವರ್ಷ ಯಾರೂ ಬರಬೇಕಾಗಿಲ್ಲ ಎಂದೂ ಹೇಳಿಬಂದೆ. ಜನ ಖುಷಿಪಟ್ಟರು. ಬೇಡ ಅನ್ನುವವರಾದರೂ ಯಾರು?

ಜೆಸಿಬಿ ಇಳಿಸಿದ ಸೋಮವಾರ ನಾನು ಸ್ಕೂಲು ಮುಗಿಸಿ ಬಂದಾಗ, ಅಣ್ಣ ಕಟ್ಟಿಸುತ್ತಿದ್ದ ಮನೆಯ ಮುಂದೆ ಮರಳಿನ ಗುಡ್ಡೆ ಬಿದ್ದಿತ್ತು. ಕೈಯಿಟ್ಟೆ. ಒಳಗೆ ಇನ್ನೂ ತಣ್ಣಗಿತ್ತು. ತೋಪಿಗೆ ಓಡಿದೆ. ತಲಪರಿಗೆ ಇದ್ದ ಕಡೆ ಎರಡಾಳುದ್ದದ ಗುಂಡಿ. ತಳದಲ್ಲಿ ಹಳದಿ ಜೇಡಿ, ಅದರ ಮೇಲೆ ಜೆಸಿಬಿ ಹಲ್ಲಿನ ಗೀರುಗಳು. ಮರಳು ಒಂದು ಬೊಗಸೆಯೂ ಉಳಿದಿರಲಿಲ್ಲ.

ಹೂಳು ತೆಗೆಯುವುದು ಬರೀ ಮೈಕೈ ನೋವಿನ ಕೆಲಸ ಎಂದುಕೊಂಡಿದ್ದೆ. ಅದು ಕಾವಲೂ ಆಗಿತ್ತು. ಮನೆಗೊಬ್ಬರು ನಿಂತಿದ್ದರೆ ಒಂದು ಮಂಕರಿ ಮರಳು ಹೊರಲು ಯಾರಿಗೆ ಧೈರ್ಯ ಬರುತ್ತಿತ್ತು? ಆ ಕಾವಲನ್ನು ಮನೆಗೆ ಕಳಿಸಿದವಳು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಡಹುಟ್ಟಿದವನೇ ನಂಬಿಸಿ ಕತ್ತು ಕೊಯ್ದ ಎಂದು ಬೀದಿಯಲ್ಲೇ ನಿಂತು ಬೈದೆ.

"ಎರ್ಡು ಲೋಡ್ ಮರ್ಳಿಗೆ ಇಂಗಾಡ್ತೀಯಲ್ಲಮ್ಮ! ಮಳೆ ಬಂದ್ರೆ ತುಂಬ್ಕಂತದೆ" ಎಂದು ನಕ್ಕ.

ಮಳೆ ಬಂತು. ಗುಂಡಿಯಲ್ಲಿ ಕೆಂಪು ನೀರು ಕೆಲವು ದಿನ ನಿಂತು ಬತ್ತಿಹೋಯಿತು. ಒರತೆ ಮತ್ತೆ ಜಿನುಗಲಿಲ್ಲ. ಅಣ್ಣನ ಗೃಹಪ್ರವೇಶಕ್ಕೆ ಊರೆಲ್ಲ ಹೋಗಿ ಉಂಡಿತು. ನಾನು ಹೋಗಲಿಲ್ಲ, ಇವತ್ತಿಗೂ ಅವನ ಹೊಸಿಲು ತುಳಿದಿಲ್ಲ.

ತಾತ ಅಣ್ಣನನ್ನು ಏನೂ ಕೇಳಲಿಲ್ಲ. ಈ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತ. ನನ್ನಂತೆ ಅವನೂ ಅಣ್ಣನನ್ನು ಬೈಯಲಿ ಎಂದು ಕಾದೆ.

"ಅವ್ನು ಇಂಗೇ ಅಂತ ನಂಗೆ ಗೊತ್ತಿತ್ತು ಕಣಮ್ಮ" ಎಂದ. "ನಾನು ಒಪ್ಪಿದ್ದು ನಿನ್ ಮಾತ್ಗೆ."

ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡಬೇಕು. ಒಳಗಿದ್ದುದು ಕೊಂಡು ತಂದ ಕ್ಯಾನಿನ ನೀರು. ಕೊಡಲಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.